ಕುದುರೆ ಕಾಲಿನ ಗಂಟಿಗೆ ಬ್ಲೇಡ್ ಬೇಡ, ಎಣ್ಣೆ ಸಾಕು

ನಾನು ಓದಿದ್ದು ತೋಟಗಾರಿಕೆ, ಕುದುರೆ ಡಾಕ್ಟರ್ ಅಲ್ಲ. ತ್ಯಾಮಗೊಂಡ್ಲು ಹತ್ತಿರ ಒಬ್ಬ ಹುಡುಗ ಮದುವೆ ಮೆರವಣಿಗೆಗೆ ಅಂತ ಕುದುರೆ ಸಾಕಿದ್ದಾನೆ. ಕಾಂಪೋಸ್ಟಿಗೆ ಲದ್ದಿ ತರೋಕೆ ಅವನ ಮನೆಗೆ ಹೋಗ್ತಿರ್ತೀನಿ. ಒಂದು ಬೆಳಿಗ್ಗೆ ಬ್ಲೇಡ್ ಹಿಡ್ಕೊಂಡು ನಿಂತಿದ್ದ. "ಅಣ್ಣಾ, ನಾಲ್ಕೂ ಕಾಲಲ್ಲಿ ನರೂಲಿ ಆಗೈತೆ, ಕುಯ್ದು ಬಿಡ್ಲಾ?" ಅಂದ.

ಅದು ನರೂಲಿ ಅಲ್ಲ, ರೋಗವೂ ಅಲ್ಲ. ಹುಟ್ಟಿನಿಂದಲೇ ಬರುವ ಗಟ್ಟಿ ಚರ್ಮ. ಮುಂಗಾಲಲ್ಲಿ ಮಂಡಿಯ ಮೇಲೆ ಒಳಬದಿಗೆ, ಹಿಂಗಾಲಲ್ಲಿ ದೊಡ್ಡ ಕೀಲಿನ ಕೆಳಗೆ ಒಳಬದಿಗೆ ಇರುತ್ತೆ. ಇದಕ್ಕೆ ಚೆಸ್ಟ್‌ನಟ್ ಅಂತಾರೆ. ಕತ್ತೆಗೆ ಮುಂಗಾಲಲ್ಲಿ ಮಾತ್ರ. ಒಂದು ಕುದುರೆಯದ್ದು ಇನ್ನೊಂದರ ಹಾಗಿರಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿದ್ದಂಗೆ. ಅಮೆರಿಕದಲ್ಲಿ ರೇಸ್ ಕುದುರೆ ಗುರುತಿಗೆ ಇದರ ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲವೂ ಇತ್ತು. ಗೊರಸಿನ ಮೇಲಿನ ಗೆಣ್ಣಿನ ಹಿಂದೆ, ಕೂದಲ ಮರೆಯಲ್ಲಿ ಇನ್ನೊಂದು ಸಣ್ಣ ಗಂಟು ಸಿಗುತ್ತೆ. ಅದು ಅರ್ಗಟ್. ಹಸುವಿನ ಗೊರಸಿನ ಹಿಂದೆ ಎರಡು ಪುಟ್ಟ ಗೊರಸು ಇರ್ತಾವಲ್ಲ, ಅವನ್ನು ಕಾಯಿಲೆ ಅಂತ ಯಾರಾದ್ರೂ ಕುಯ್ತಾರಾ?

ಹಾಗೇ ಬಿಟ್ಟರೂ ತೊಂದರೆ ಇಲ್ಲ, ಎಷ್ಟೋ ಸಲ ತಾನೇ ಉದುರುತ್ತೆ. ತುಂಬಾ ಬೆಳೆದು ಎಲ್ಲಾದ್ರೂ ಸಿಕ್ಕಿಹಾಕಿಕೊಳ್ಳುವಂತಿದ್ದರೆ ಮಾತ್ರ ಕೈ ಹಾಕಿ. ಮೈ ತೊಳೆದ ಮೇಲೆ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಸವರಿ. ಎರಡು ಮೂರು ದಿನ ಹೀಗೆ ಮಾಡಿದರೆ ಮೆತ್ತಗಾಗುತ್ತೆ. ಆಮೇಲೆ ಈರುಳ್ಳಿ ಸಿಪ್ಪೆ ತೆಗೆದಂಗೆ ಬೆರಳಿಂದ ಪದರ ಪದರವಾಗಿ ಬಿಡಿಸಿ. ಬರದಿದ್ದರೆ ಎಳೀಬೇಡಿ, ಮತ್ತೆ ಎಣ್ಣೆ ಹಚ್ಚಿ. ಚರ್ಮದ ಮಟ್ಟಕ್ಕೆ ನುಣ್ಣಗೆ ಮಾಡುವ ಆಸೆಯಂತೂ ಬೇಡವೇ ಬೇಡ. ಅಡಿಯಲ್ಲಿ ಜೀವಂತ ಭಾಗ ಇದೆ, ತಾಗಿದರೆ ರಕ್ತ ಬರುತ್ತೆ, ಕುದುರೆ ಒದೆಯುತ್ತೆ. ಒಬ್ಬರು ಹಗ್ಗ ಹಿಡಿದಿರಲಿ, ನೀವು ಪಕ್ಕದಲ್ಲೇ ನಿಂತು ಬಗ್ಗಿ, ಕಾಲ ಬಳಿ ಕೂರಬೇಡಿ. ಉದ್ದ ಬೆಳೆದ ಅರ್ಗಟ್ ಇದ್ದರೆ ಲಾಳ ಹೊಡೆಯುವವರ ಕೈಲೇ ತೆಗೆಸಿ.

ಬ್ಲೇಡ್ ಬೇಡ ಅನ್ನೋಕೆ ದೊಡ್ಡ ಕಾರಣ ಧನುರ್ವಾಯು. ಇದರ ರೋಗಾಣು ಮಣ್ಣಲ್ಲಿ, ಲದ್ದಿಯಲ್ಲಿ ಇರುತ್ತೆ, ಸಾಕುಪ್ರಾಣಿಗಳಲ್ಲಿ ಕುದುರೆಗೇ ಇದು ಬಹಳ ಬೇಗ ತಗಲುತ್ತೆ. ಸಣ್ಣ ಗಾಯ ಸಾಕು, ಕುದುರೆ ಕೈಬಿಟ್ಟು ಹೋಗಬಹುದು. (ಲದ್ದಿ ಗೊಬ್ಬರ ಹೊರುವ ನಾವೂ ಟಿ.ಟಿ. ಹಾಕಿಸಿಕೊಂಡಿರಬೇಕು. ನಾನು ಹಾಕಿಸಿಕೊಂಡಿದ್ದು ಆ ದಿನ ಈ ಹುಡುಗನಿಗೆ ಬುದ್ಧಿ ಹೇಳಿದ ಮೇಲೆಯೇ!) ಅಪ್ಪಿತಪ್ಪಿ ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ ಅವತ್ತೇ ಪಶುವೈದ್ಯರಿಗೆ ತೋರಿಸಿ.

ಹೇಳಿದ ಜಾಗ ಬಿಟ್ಟು ಹೊಟ್ಟೆ, ಮುಖ, ಕಿವಿ, ತೊಡೆಸಂದಿಯಲ್ಲಿ ಕೂದಲು ಉದುರಿ ಗಂಟು ಎದ್ದರೆ, ಅಥವಾ ಎಲ್ಲೇ ಇದ್ದರೂ ಬೇಗ ದೊಡ್ಡದಾಗುತ್ತಾ ರಕ್ತ ಸೋರುತ್ತಿದ್ದರೆ ಲೆಕ್ಕವೇ ಬೇರೆ. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆ ಇರಬಹುದು, ಕೆಣಕಿದರೆ ಇನ್ನೂ ಜೋರಾಗಿ ಬೆಳೆಯುತ್ತೆ. ಅದಕ್ಕೆ ಎಣ್ಣೆಯೂ ಬೇಡ. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡು 1962ಕ್ಕೆ ಫೋನ್ ಮಾಡಿ.

ಹುಡುಗ ಆ ಬ್ಲೇಡ್ ಎಸೆದ. ನಾಲ್ಕನೇ ದಿನ ಮುಂಗಾಲಿಂದ ಬೆರಳುಗುರಿನಷ್ಟು ಒಂದು ಸಿಪ್ಪೆ ಬಿಡಿಸಿ ನನಗೆ ವಾಟ್ಸಾಪ್ ಮಾಡಿದ್ದ. ಹಿಂಗಾಲಿಂದು ಇನ್ನೂ ಬಂದಿಲ್ಲ, ದಿನಾ ಎಣ್ಣೆ ಹಚ್ತಿದ್ದಾನೆ.