ಚಿತ್ರ ಬರೆಯುವ ಕೈಗೆ ಇಎಂಐ ಭಾರ

ಗೇಮ್‌ಗಳಿಗೆ, ಅನಿಮೇಷನ್ ಚಿತ್ರಗಳಿಗೆ ಪಾತ್ರಗಳನ್ನು ಕಲ್ಪಿಸಿ ಬರೆಯುವ ಕ್ಯಾರೆಕ್ಟರ್ ಕಾನ್ಸೆಪ್ಟ್ ಆರ್ಟಿಸ್ಟ್ ಆಗಬೇಕೆಂದು ಹೊರಟವರಲ್ಲಿ ಅನೇಕರು ಇಡುವ ಮೊದಲ ಹೆಜ್ಜೆಯೇ ಅತ್ಯಂತ ದುಬಾರಿಯದು: ಖಾಸಗಿ ಡಿಪ್ಲೊಮಾ ಕೋರ್ಸಿಗಾಗಿ ಸಾಲಪತ್ರಕ್ಕೆ ಹಾಕುವ ಸಹಿ. ಈ ನಿರ್ಧಾರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ವೃತ್ತಿಯಲ್ಲಿ ಕೆಲಸ ಕೊಡಿಸುವುದು ಸರ್ಟಿಫಿಕೇಟ್ ಅಲ್ಲ, ಪೋರ್ಟ್‌ಫೋಲಿಯೊ. ಪೋರ್ಟ್‌ಫೋಲಿಯೊ ಬೆಳೆಯಲು ಸಮಯ ಬೇಕು. ಇಎಂಐ ಕಿತ್ತುಕೊಳ್ಳುವುದು ಆ ಸಮಯವನ್ನೇ.

ಲೆಕ್ಕ ಹಾಕಿ ನೋಡೋಣ. ಒಂದು ವರ್ಷದ ಕೋರ್ಸಿಗೆ ಶುಲ್ಕ 6 ಲಕ್ಷ, ಬಡ್ಡಿ ಶೇ. 12 ಎಂದಿಟ್ಟುಕೊಳ್ಳಿ. ಹಣವೆಲ್ಲ ಮೊದಲೇ ಬಿಡುಗಡೆಯಾಗಿ, ಕೋರ್ಸಿನ 12 ತಿಂಗಳಿಗೂ ಆಮೇಲಿನ 6 ತಿಂಗಳಿಗೂ ಮೊರಟೋರಿಯಂ ಸಿಕ್ಕಿತು ಅನ್ನೋಣ. ಕಂತು ಇಲ್ಲವೆಂದು ಬಡ್ಡಿ ನಿಲ್ಲುವುದಿಲ್ಲ. 18 ತಿಂಗಳ ಸರಳ ಬಡ್ಡಿಯೇ 1,08,000 ರೂಪಾಯಿ. ಅದು ಅಸಲಿಗೆ ಸೇರಿ ಸಾಲ 7,08,000 ಆಗುತ್ತದೆ. ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ 15,749 ರೂಪಾಯಿಯಂತೆ 60 ಕಂತು, ಒಟ್ಟು 9,44,940. ಅಂದರೆ 6 ಲಕ್ಷದ ಕೋರ್ಸಿಗೆ ತೆತ್ತದ್ದು ಸುಮಾರು ಒಂಬತ್ತೂವರೆ ಲಕ್ಷ. ಮೊದಲ ಸಂಬಳ 25,000 ಎಂದು ಹಿಡಿದರೆ ಕಂತು ಕಳೆದು ಉಳಿಯುವುದು 9,251. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲವೂ ಅದರಲ್ಲೇ ಆಗಬೇಕು. ಮೊರಟೋರಿಯಂ ಮುಗಿದ ಮೇಲೆ ಕೆಲಸ ಸಿಗಲು ಇನ್ನೊಂದು ಆರು ತಿಂಗಳು ಹಿಡಿದರೆ 94,494 ರೂಪಾಯಿಯನ್ನು ಸಹ-ಸಾಲಗಾರರಾದ ಅಪ್ಪ ಕಟ್ಟಬೇಕು. ಕಟ್ಟದಿದ್ದರೆ ಹಾಳಾಗುವುದು ಅವರ ಸಿಬಿಲ್ ಕೂಡ.

ಇದಕ್ಕಿಂತ ಹೆಚ್ಚು ನನಗೆ ಸಿಟ್ಟು ಬರುವುದು ಕೌನ್ಸೆಲಿಂಗ್ ಕೋಣೆಯಲ್ಲೇ ಫಾರಂ ತುಂಬಿಸಿಕೊಳ್ಳುವ 'ನೋ ಕಾಸ್ಟ್ ಇಎಂಐ' ಕಂಡಾಗ. ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಕಂತುಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಣಕ್ಕೆ ಬೆಲೆಯಿದೆ, ಯಾರೂ ಅದನ್ನು ಬಿಟ್ಟಿಯಾಗಿ ಕೊಡುವುದಿಲ್ಲ. ಕಂತಿಲ್ಲದೆ ಒಟ್ಟಿಗೆ ಕಟ್ಟುವವರಿಗೆ ಶುಲ್ಕ ಎಷ್ಟು ಎಂದು ಕೇಳಿ, ಅದಕ್ಕೂ ಕಂತುಗಳ ಒಟ್ಟು ಮೊತ್ತಕ್ಕೂ ನಡುವಿನ ಅಂತರವೇ ಬಡ್ಡಿ. ತೆರಿಗೆ ಉಳಿಯುತ್ತದೆಂಬ ಮಾತನ್ನೂ ನಂಬಬೇಡಿ. ಶಿಕ್ಷಣ ಸಾಲದ ಬಡ್ಡಿಗೆ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಕಟ್ಟಲು ತೆರಿಗೆ ಇದ್ದವರಿಗೆ.

ಕೋರ್ಸ್ ಮುಗಿದರೆ ಪ್ಲೇಸ್‌ಮೆಂಟ್ ಇದೆಯಲ್ಲ ಎನ್ನುವವರು ಯಾವ ಹುದ್ದೆಗೆ ಎಂದು ಕೇಳಿಕೊಳ್ಳಬೇಕು. ಒಬ್ಬರು ಕಲ್ಪಿಸಿದ ಒಂದು ಪಾತ್ರವನ್ನು ತೆರೆಗೆ ತರಲು ಮಾಡೆಲಿಂಗ್, ಟೆಕ್ಸ್ಚರಿಂಗ್, ರಿಗ್ಗಿಂಗ್, ಅನಿಮೇಷನ್ ಎಂದು ಹಲವರು ಬೇಕು. ಕೆಲಸ ಹೆಚ್ಚಿರುವುದು ಅಲ್ಲಿ. ಅದೂ ಅಲ್ಲದೆ ನಮ್ಮ ಸ್ಟುಡಿಯೊಗಳ ಬಹಳಷ್ಟು ಕೆಲಸ ಹೊರದೇಶದವರು ವಹಿಸಿದ್ದು. ಪಾತ್ರದ ರೂಪ ಅಲ್ಲಿಯೇ ನಿರ್ಧಾರವಾಗಿ ಬಂದಿರುತ್ತದೆ. ಆ ಕೆಲಸವೂ ಭದ್ರವಲ್ಲ: 2025ರ ಫೆಬ್ರವರಿಯಲ್ಲಿ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಅದರ ನೌಕರರೂ ಬೀದಿಗೆ ಬಿದ್ದರು. ಇದರ ಜೊತೆಗೆ ಚಿತ್ರ ಬರೆಯುವ ಎಐ ಬಂದಿದೆ. ಅದರ ವಿರುದ್ಧ 2022ರ ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ತಾಣದಲ್ಲಿ ಕಲಾವಿದರು ಸಾಮೂಹಿಕವಾಗಿ ಪ್ರತಿಭಟಿಸಿದ್ದರು. ಹೀಗೆ ಆದಾಯ ಏರಿಳಿಯುವ ವೃತ್ತಿಗೆ ತಿಂಗಳು ತಪ್ಪದ ಕಂತು ಹೊಂದುವುದಿಲ್ಲ.

ಗುರುವಿಲ್ಲದೆ ಕಲಿಯುವುದು ಹೇಗೆ ಎಂಬ ಆಕ್ಷೇಪದಲ್ಲಿ ತೂಕವಿದೆ. ಅಂಗರಚನೆ ತಪ್ಪಿದ್ದು ಬರೆದವರ ಕಣ್ಣಿಗೆ ಬೀಳುವುದಿಲ್ಲ, ತಿದ್ದುವವರು ಬೇಕೇ ಬೇಕು. ಆದರೆ ತಿದ್ದಿಸಿಕೊಳ್ಳಲು ಮೂರು ತಿಂಗಳ ಮೆಂಟರ್‌ಶಿಪ್ಪನ್ನು ಕೈಯಲ್ಲಿರುವ ಹಣದಲ್ಲೇ ಕೊಳ್ಳಬಹುದು. ಪದವಿಯೇ ಬೇಕೆಂದರೆ ಮೈಸೂರಿನ ಕಾವಾದಂಥ ಸರ್ಕಾರಿ ಕಲಾ ಕಾಲೇಜನ್ನು ಮೊದಲು ನೋಡಬೇಕು. ಕ್ರಿಟಾ, ಬ್ಲೆಂಡರ್ ಎರಡೂ ಉಚಿತ; ಕಲಿಯುವ ಹಂತಕ್ಕೆ ಪರದೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್ ಸಾಕು.

ಉಳಿದ ಹಣದಿಂದ ಸಮಯವನ್ನು ಕೊಳ್ಳಿ. 'ಸ್ಟಾರ್ ವಾರ್ಸ್' ಚಿತ್ರದ ಡಾರ್ತ್ ವೇಡರ್‌ಗೆ ರೂಪ ಕೊಟ್ಟ ರಾಲ್ಫ್ ಮೆಕ್‌ಕ್ವಾರಿ ಅದಕ್ಕೂ ಮೊದಲು ಬೋಯಿಂಗ್ ಕಂಪನಿಯಲ್ಲಿ ತಾಂತ್ರಿಕ ಚಿತ್ರಗಾರರಾಗಿ ದುಡಿದಿದ್ದರು. ಪಠ್ಯಪುಸ್ತಕದ ಚಿತ್ರ, ಜಾಹೀರಾತಿನ ಸ್ಟೋರಿಬೋರ್ಡ್, ಮೊಬೈಲ್ ಗೇಮಿನ ಐಕಾನ್ ಬರೆದು ಸಂಪಾದಿಸುವುದು ಕನಸಿಗೆ ಬಗೆದ ದ್ರೋಹವಲ್ಲ. ಅಂಥ ಕೆಲಸದಲ್ಲಿದ್ದುಕೊಂಡು ಬೆಳಿಗ್ಗೆ ಎರಡು ಗಂಟೆ ನಿಮ್ಮದೇ ಪಾತ್ರಗಳಿಗೆ ಮೀಸಲಿಡಿ. ದಿನ ತಪ್ಪಿಸಬೇಡಿ, ಹೊಸ ಐಪ್ಯಾಡ್ ಬಂದ ಮೇಲೆ ಶುರು ಮಾಡೋಣ ಎಂದು ಮುಂದೂಡಬೇಡಿ. ಎಂಟು ತಿಂಗಳ ಮನೆಖರ್ಚು ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಕೂಡುವವರೆಗೆ ಇರುವ ಕೆಲಸ ಬಿಡಬೇಡಿ. ಇಷ್ಟಾದರೂ ಕೋರ್ಸಿಗೇ ಸೇರುವುದಾದರೆ, ಹಿಂದಿನ ಬ್ಯಾಚಿನವರಲ್ಲಿ ಎಷ್ಟು ಮಂದಿ ಕಾನ್ಸೆಪ್ಟ್ ವಿಭಾಗದಲ್ಲಿ, ಎಷ್ಟು ಸಂಬಳಕ್ಕೆ ಸೇರಿದರು ಎಂಬುದನ್ನು ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಸೀಟು ಕಾದಿರಿಸುವ ಮುಂಗಡವನ್ನೂ ಕಟ್ಟಬೇಡಿ.