ಅರ್ಧ ಅಪ್ಪನದು, ಅರ್ಧ ಅಮ್ಮನದು



ಸಂತಾನೋತ್ಪತ್ತಿಯ ಪಾಠ ಬಂದ ದಿನ ನಾವೆಲ್ಲ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕಿಸಿಕಿಸಿ ನಕ್ಕೆವು. ಬೆಲ್ ಹೊಡೆಯಿತು, ಪಾಠ ಮುಗಿಯಿತು. ಆಮೇಲೆ ರಜೆಯಲ್ಲಿ ನೆಂಟರ ಊರಿಗೆ ಹೋಗಿದ್ದೆ. ಅಲ್ಲಿ ಒಬ್ಬ ಅಕ್ಕನಿಗೆ ಮೂರನೆಯದೂ ಹೆಣ್ಣಾಗಿತ್ತು. ನೋಡಲು ಬಂದವರೆಲ್ಲ "ಇವಳ ಹೊಟ್ಟೇಲಿ ಗಂಡು ಹುಟ್ಟೋದೇ ಇಲ್ಲ" ಅಂತಿದ್ದರು. ಅಕ್ಕ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಊರಿಗೆ ಬಂದು ಆ ಪಾಠವನ್ನು ಮತ್ತೆ ಓದಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಅರ್ಧ ಏಕೆ?

ನಮ್ಮ ದೇಹದ ಹೆಚ್ಚಿನ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಇವು ಜೋಡಿ ಜೋಡಿ. ಒಟ್ಟು 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ತಂದೆಯ 46, ತಾಯಿಯ 46 ಹಾಗೇ ಸೇರಿದ್ದರೆ ಮಗುವಿಗೆ 92 ಆಗಿಬಿಡುತ್ತಿತ್ತು! ಹಾಗಾಗಬಾರದೆಂದೇ ವೀರ್ಯಾಣು, ಅಂಡಾಣು ತಯಾರಾಗುವಾಗ ಒಂದು ವಿಶೇಷ ಕೋಶವಿಭಜನೆ ನಡೆಯುತ್ತದೆ. ಇದೇ ಮಿಯಾಸಿಸ್. ಇದರಲ್ಲಿ ವರ್ಣತಂತುಗಳು ಒಂದು ಸಲ ಇಮ್ಮಡಿಯಾಗುತ್ತವೆ, ಕೋಶ ಮಾತ್ರ ಎರಡು ಸಲ ಒಡೆಯುತ್ತದೆ. ಜೋಡಿ ಬಿಚ್ಚಿಹೋಗಿ ಕೊನೆಗೆ 23 ಉಳಿಯುತ್ತವೆ. ಬಿಚ್ಚುವ ಮೊದಲು ಜೋಡಿಯ ಎರಡೂ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದಕ್ಕೇ ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಥರ ಇರುವುದಿಲ್ಲ.

ವೀರ್ಯಾಣು

ಹುಡುಗ ಪ್ರಾಯಕ್ಕೆ ಬಂದಾಗ ವೃಷಣಗಳ ಒಳಗಿನ ಸಣ್ಣ ಸಣ್ಣ ನಾಳಗಳಲ್ಲಿ ಈ ಕೆಲಸ ಶುರುವಾಗುತ್ತದೆ. ಒಂದು ಮೂಲಕೋಶದ ಮಿಯಾಸಿಸ್‌ನಿಂದ 4 ವೀರ್ಯಾಣುಗಳು. ತಯಾರಾಗಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಕು. ದಿನಕ್ಕೆ ಕೋಟಿಗಟ್ಟಲೆ ಆಗುತ್ತವೆ. ಈ ಕೆಲಸಕ್ಕೆ ಮೈಯ ಶಾಖಕ್ಕಿಂತ 2-3 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಆದ್ದರಿಂದಲೇ ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿವೆ.

ಅಂಡಾಣು

ಇದು ಇನ್ನೂ ಆಶ್ಚರ್ಯ! ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮಿಯಾಸಿಸ್ ಶುರುವಾಗಿ ಅರ್ಧಕ್ಕೆ ನಿಂತಿರುತ್ತದೆ. ಹುಟ್ಟುವಾಗ ಇಂಥ ಕೋಶಗಳು ಸುಮಾರು 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ ಉಳಿಯುವುದು 3-4 ಲಕ್ಷ. ಆಮೇಲೆ ಸಾಮಾನ್ಯವಾಗಿ ತಿಂಗಳಿಗೊಂದರಂತೆ ಜೀವಮಾನದಲ್ಲಿ 400-500 ಮಾತ್ರ ಬಲಿತು ಹೊರಬರುತ್ತವೆ. ಇಲ್ಲಿ ಒಂದು ಮೂಲಕೋಶದಿಂದ ಒಂದೇ ಅಂಡಾಣು. ಆಹಾರವೆಲ್ಲ ಅದಕ್ಕೇ ಮೀಸಲು. ಜೊತೆಗೆ ಆಗುವ ಪುಟ್ಟ ಕೋಶಗಳು ನಾಶವಾಗುತ್ತವೆ. ಎರಡನೇ ವಿಭಜನೆ ಮುಗಿಯುವುದು ವೀರ್ಯಾಣು ಒಳಹೊಕ್ಕ ಮೇಲೆಯೇ. ಅಂದರೆ ನಾವು ಹುಟ್ಟಿಬಂದ ಅಂಡಾಣುವಿನ ಕೆಲಸ, ನಮ್ಮ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿತ್ತು!

ಗಂಡೋ ಹೆಣ್ಣೋ?

ಇದನ್ನು ಹೇಳುವುದು 23ನೇ ಜೋಡಿ. ಹೆಂಗಸರಲ್ಲಿ ಅದು ಎಕ್ಸ್-ಎಕ್ಸ್, ಗಂಡಸರಲ್ಲಿ ಎಕ್ಸ್-ವೈ. ಜೋಡಿ ಬಿಚ್ಚಿದಾಗ ಅಂಡಾಣುವಿಗೆ ಸಿಗುವುದು ಎಕ್ಸ್ ಮಾತ್ರ. ವೀರ್ಯಾಣುಗಳಲ್ಲಿ ಸುಮಾರು ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಎಕ್ಸ್ ಇರುವ ವೀರ್ಯಾಣು ಸೇರಿದರೆ ಹೆಣ್ಣು, ವೈ ಇರುವುದು ಸೇರಿದರೆ ಗಂಡು. ವೀರ್ಯಾಣುಗಳ ಈ ಎರಡು ಬಗೆಯನ್ನು 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನ ಹುಳುಗಳಲ್ಲಿ ಕಂಡುಕೊಂಡರು. ಅವರೂ ಒಬ್ಬ ಹೆಣ್ಣುಮಗಳೇ.

ಮೊನ್ನೆ ಹೋದಾಗ ಆ ಮನೆಯ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ "ಹಂಗಾದ್ರೆ ತಪ್ಪು ನಮ್ಮ ಹುಡುಗನ್ದು ಅಂತೀಯೇನೇ?" ಅಂದರು. "ಯಾರ ತಪ್ಪೂ ಅಲ್ಲ ಅಜ್ಜಿ. ಯಾವ ವೀರ್ಯಾಣು ಸೇರುತ್ತೆ ಅನ್ನೋದು ಯಾರ ಕೈಲೂ ಇಲ್ಲ. ಹೆಣ್ಣು ಹುಟ್ಟೋದು ತಪ್ಪೂ ಅಲ್ಲ" ಅಂದೆ. ಅಜ್ಜಿ ಏನೂ ಮಾತಾಡಲಿಲ್ಲ. ಆದರೆ ಎದ್ದುಹೋಗಿ ಕೂಸನ್ನು ಎತ್ತಿಕೊಂಡರು.

ನೆನಪಿಡಿ: ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪರೀಕ್ಷೆ ಮಾಡಿ ಹೇಳುವುದು 1994ರ ಕಾಯಿದೆಯಂತೆ ಅಪರಾಧ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ