ಹೊಲದ ಬದುವಿನ ಹೋರಿ

ಹಾವೇರಿ ಸೀಮೆಯಲ್ಲಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವುದು ಹಳೆಯ ರೂಢಿ. ಹಾವೇರಿಯ ಸಿದ್ಧೇಶ್ವರ ಗುಡಿಯ ಆವರಣದಲ್ಲಿರುವಂಥ ವೀರಗಲ್ಲುಗಳನ್ನು ನೋಡಿದವರಿಗೆ ಅದರ ಕ್ರಮ ಗೊತ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತುರುಗಾಳಗದಲ್ಲಿ ಮಡಿದವನ ಕಲ್ಲಾದರೆ ದನಗಳೂ ಕಾಣುತ್ತವೆ. ದನಕ್ಕಾಗಿ ಪ್ರಾಣ ಬಿಟ್ಟವನಿಗೆ ಕಲ್ಲು ಇರುವಾಗ, ಮನೆತನದ ಹೆಸರು ಎತ್ತಿದ ದನಕ್ಕೂ ಒಂದು ಇರಲಿ ಎಂದು ನಾವು ನಿರ್ಧರಿಸಿದೆವು.

ನಮ್ಮದು ಅಗಡಿ. ಶೇಷಾಚಲ ಸದ್ಗುರುಗಳ ಆನಂದವನ, ಗಳಗನಾಥರ ‘ಸದ್ಬೋಧ ಚಂದ್ರಿಕೆ’ಯಿಂದ ಓದುಗರಿಗೆ ಪರಿಚಿತವಾದ ಊರು. ದೀಪಾವಳಿ ಬಂತೆಂದರೆ ಈ ಕಡೆಯ ಹಳ್ಳಿಗಳಿಗೆ ಕೊಬ್ಬರಿ ಹೋರಿಯ ಹುಚ್ಚು. ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಜೂಲ. ಸರ ಹರಿಯಲು ಕಾದ ಹುಡುಗರ ನಡುವೆ ಹೋರಿ ಓಡಬೇಕು. ಯಾರ ಕೈಗೂ ಸಿಗದೆ ಬಂದದ್ದೇ ಗೆದ್ದಂತೆ. ನಮ್ಮದು ಅಮೃತಮಹಲ್ ತಳಿಯದು. ಅದು ಮಣ್ಣಾದ ಮೇಲೆ, ರಸ್ತೆಗೆ ತಾಗಿದ ನಮ್ಮ ಹೊಲದಲ್ಲೇ ಸಿಮೆಂಟಿನ ಹೋರಿ ಎಬ್ಬಿಸಿದೆವು.

ಮೊದಲು ಗೊಟಗೋಡಿಗೆ ಹೋದೆ. ಶಿಗ್ಗಾಂವಿ ತಾಲ್ಲೂಕಿನಲ್ಲಿ, ಹೆದ್ದಾರಿಯ ಬದಿಯಲ್ಲೇ ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಕುಂಬಾರ, ಬಡಿಗೇರ, ಗೌಡರ ಮನೆ, ದನಕರು, ಎಲ್ಲವೂ ಆಳೆತ್ತರದ ಸಿಮೆಂಟ್ ಶಿಲ್ಪಗಳು. ದೊಡ್ಡಾಟಕ್ಕೆ ಮರುಜೀವ ಕೊಡಲು ದುಡಿದ ಅವರು 2020ರಲ್ಲಿ ತೀರಿಕೊಂಡರು. ಅಲ್ಲಿ ಬಾಗಿ ಕೆಲಸ ಮಾಡುವವನ ಶಿಲ್ಪವೊಂದರ ಬೆನ್ನನ್ನು ಬಹಳ ಹೊತ್ತು ನೋಡುತ್ತ ನಿಂತೆ. ಆ ಬೆನ್ನು ದುಡಿದ ಬೆನ್ನೇ. ಚಂದ ಕಾಣಲಿ ಎಂದು ಯಾರೂ ಅದನ್ನು ನೆಟ್ಟಗೆ ಮಾಡಿಲ್ಲ. ನನಗೆ ಬೇಕಿದ್ದ ಪಾಠ ಅದೇ.

ನಮ್ಮದು ಎರೆಹೊಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿದ್ದದ್ದನ್ನೂ ಸೀಳುತ್ತದೆ. ಗರಸು ಸಿಗುವವರೆಗೂ ತೋಡಿಸಬೇಕೆಂದು ಗೌಂಡಿ ಹಟ ಹಿಡಿದ. ಬಂದ ಖರ್ಚಿನಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಆ ಬುನಾದಿಗೇ ಹೋಯಿತು, ಹೋಗಲೇಬೇಕಿತ್ತು. ಮೇಲೆ ಸರಳಿನ ಎಲುಬುಗೂಡು, ಅದಕ್ಕೆ ಕೋಳಿ ಜಾಳಿಗೆ, ಆಮೇಲೆ ಒಂದಕ್ಕೆ ಮೂರು ಪಾಲು ಉಸುಕಿನ ಗಾರೆ. ಸರಳಿನ ಮೇಲೆ ಒಂದಿಂಚಾದರೂ ಗಾರೆ ಕೂರಬೇಕು. ತೆಳುವಾದರೆ ನೀರು ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಗ್ಗಿ ಒಳಗಿನಿಂದಲೇ ಸಿಮೆಂಟು ಒಡೆಯುತ್ತದೆ. ಕಿವಿ, ಬಾಲ, ಕೊಂಬಿನ ತುದಿ, ಇವೇ ಮೊದಲು ಹೋಗುವ ಜಾಗ. ಹಸಿ ಗೋಣಿಚೀಲ ಸುತ್ತಿ ನೀರುಣಿಸುವ ಕೆಲಸ ನನ್ನ ತಾಯಿ ವಹಿಸಿಕೊಂಡಳು. ಹೋರಿಗೆ ನೀರು ಕುಡಿಸುತ್ತಿದ್ದವಳೂ ಅವಳೇ.

ಹೋಲಿಕೆ ತರುವುದು ಇದೆಲ್ಲಕ್ಕಿಂತ ಕಷ್ಟ. ಫೋಟೊಗಳಲ್ಲಿ ಇದ್ದದ್ದೆಲ್ಲ ಓಟ, ಧೂಳು, ಜನ. ಬೆನ್ನಿನ ಉದ್ದ ಟ್ರಂಕಿನಲ್ಲಿದ್ದ ಜೂಲದಿಂದ ಸಿಕ್ಕಿತು, ಮೋರೆಯ ಸುತ್ತಳತೆ ಮೂಗುದಾಣದಿಂದ. ಕೊಂಬಿನ ವಿಷಯಕ್ಕೆ ಮಾತ್ರ ಹಗ್ಗ ಹಿಡಿದು ಓಡಿದವರನ್ನೇ ಕರೆಸಿದೆವು. “ಎಡಗೊಂಬು ಒಂಚೂರು ಒಳಗ ಬಾಗಿತ್ತೋ ತಮ್ಮಾ, ಇದು ಬ್ಯಾರೆ ಯಾರದೋ ಹೋರಿ ಆಗೇತಿ” ಎಂದರು ಓಣಿಯ ಹಿರಿಯರೊಬ್ಬರು. ಗಾರೆ ಹಾಕುವ ಮುನ್ನ ಸರಳು ಬಗ್ಗಿಸಿದೆವು. ಮರುದಿನ ಅವರು ಬಂದು, ಏನೂ ಅನ್ನದೆ ಕೊಂಬು ಸವರಿ ಹೋದರು.

ಜಾಗದ ಬಗ್ಗೆ ಒಂದು ಮಾತು. ಚಂಡೀಗಢದ ನೇಕ್ ಚಂದ್ 1957ರ ಸುಮಾರಿಗೆ ಸರ್ಕಾರಿ ಕಾಡಿನಲ್ಲಿ ಗುಟ್ಟಾಗಿ ತಮ್ಮ ರಾಕ್ ಗಾರ್ಡನ್ ಶುರುಮಾಡಿದರು. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅದನ್ನು ಕೆಡವುವ ಭಯವಿತ್ತು. 1976ರಲ್ಲಿ ಅದು ಜನರಿಗೆ ತೆರೆಯಿತು. ಎಲ್ಲರಿಗೂ ಆ ಭಾಗ್ಯ ಸಿಗುವುದಿಲ್ಲ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿದೆ. ನಾವು ರಸ್ತೆಯ ಗಡಿಯಿಂದ ಸಾಕಷ್ಟು ಒಳಗೆ, ನಮ್ಮ ಪಹಣಿಯ ನೆಲದಲ್ಲೇ ನಿಲ್ಲಿಸಿದೆವು. ಬೈಕು ನಿಲ್ಲಿಸಿ ಸೆಲ್ಫಿ ತೆಗೆಯುವವರಿಗೂ ಅದು ಕ್ಷೇಮ.

ಈಗ ಸುತ್ತಲಿನ ಹಳ್ಳಿಗಳಿಂದ ಹೋರಿ ಸಾಕಿದವರು ಬಂದು ವಿಚಾರಿಸುತ್ತಾರೆ. ಗೌಂಡಿಯ ನಂಬರ್ ಆಮೇಲೆ ಕೊಡುತ್ತೇನೆ. ಹೋರಿ ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಟೇಪು ಹಿಡಿದು ಇಣಿಯ ಎತ್ತರ, ಎದೆಯ ಸುತ್ತು, ಕೊಂಬುಗಳ ನಡುವಿನ ಅಂತರ ಬರೆದಿಡಿ, ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ ಎಂದು ಮೊದಲು ಹೇಳುತ್ತೇನೆ.